ಫಾಂಟು ಗೊತ್ತಿಲ್ಲದ ಅಧ್ಯಕ್ಷರು

ಲಿಂಗಸುಗೂರಿನಲ್ಲಿ ಟೈಪಾದ ಲಗ್ನಪತ್ರಿಕೆಯನ್ನು ಸಿಂಧನೂರಿನ ಕಂಪ್ಯೂಟರಿನಲ್ಲಿ ತೆರೆದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಆಶ್ಚರ್ಯಸೂಚಕಗಳೂ ಕುಣಿಯುತ್ತಿದ್ದ ಕಾಲವದು. ಒಬ್ಬರಲ್ಲಿ ಶ್ರೀಲಿಪಿ, ಇನ್ನೊಬ್ಬರಲ್ಲಿ ಬರಹ, ಮತ್ತೊಬ್ಬರಲ್ಲಿ ನುಡಿ. ತನ್ನಲ್ಲಿ ಮಾತ್ರ ಒತ್ತಕ್ಷರ ನೆಟ್ಟಗೆ ಕೂರುತ್ತದೆಂದು ಪ್ರತಿಯೊಬ್ಬ ಡಿಟಿಪಿಯವನೂ ಆಣೆ ಮಾಡುತ್ತಿದ್ದ. ಬೆಂಗಳೂರಿನಲ್ಲಿ ಕನ್ನಡ ಗಣಕ ಪರಿಷತ್ತಿನವರು ನುಡಿ ತಂದಿದ್ದರು, ಕೆ.ಪಿ. ರಾವ್ ಅವರ ಕೀಲಿಮಣೆ ಸರ್ಕಾರದ ಮಾನಕವೂ ಆಗಿತ್ತು, ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು. ಆದರೆ ನಮ್ಮವರ ಪೇಜ್‌ಮೇಕರ್‌ಗೆ ಯೂನಿಕೋಡ್ ಒಗ್ಗುತ್ತಿರಲಿಲ್ಲ.

ಹೀಗಾಗಿ ಮೂರೂರಿನ ಡಿಟಿಪಿಯವರು ಈ ಗೊಂದಲ ಬಗೆಹರಿಸಲು ಸಮಿತಿ ಮಾಡಿಕೊಂಡು ಭಾನುವಾರಗಳಂದು ಮಸ್ಕಿಯಲ್ಲಿ ಸೇರತೊಡಗಿದರು. ಕರಡು ತಿದ್ದುವವನೆಂದು ನನ್ನನ್ನೂ ಕರೆದರು. ಸಂಬಳ, ಭತ್ಯೆ ಏನಿಲ್ಲ. ಮಂಡಾಳ ಒಗ್ಗರಣಿ, ಮಿರ್ಚಿಯ ಖರ್ಚು ಪಾಳಿಯ ಮೇಲೆ. ಅಧ್ಯಕ್ಷರು ಒಬ್ಬ ನಿವೃತ್ತ ಗಣಿತದ ಮಾಸ್ತರು. ಫಾಂಟಿನ ಗಂಧಗಾಳಿ ಅವರಿಗಿರಲಿಲ್ಲ. ಯಾರ ಅಂಗಡಿಯೂ ಅವರದಲ್ಲವಾದ್ದರಿಂದ ಎಲ್ಲರೂ ಒಪ್ಪಿದರು.

ಜೋರಾಗಿ ಕೂಗುವವನ ಕೈಗೆ ಮಾಸ್ತರು ಮೆಲ್ಲಗೆ ಪೆನ್ನು ಕೊಡುತ್ತಿದ್ದರು: “ನೀವು ಹೇಳಿದ್ದು ನೀವ ಬರೀರಿ.” ಅರ್ಧ ತಾಸಿನ ಆರ್ಭಟ ಹಾಳೆಯ ಮೇಲೆ ಎರಡು ಸಾಲಾಗುತ್ತಿತ್ತು. ಮೂಲೆಯಲ್ಲಿ ಕೂತ ಹುಡುಗನ ಮುಂದೆ ಮಿರ್ಚಿ ತಟ್ಟೆ ಸರಿಸಿ, “ನೀ ಏನಂತಿಯಪಾ?” ಎನ್ನುವರು. ಕೈ ಎತ್ತಿಸಿ ಎಣಿಸಿದ್ದು ನಾ ಕಾಣೆ. ಮುಗಿದ ಜಗಳ ಮತ್ತೆ ತಲೆ ಎತ್ತಿದರೆ ನೋಟ್‌ಬುಕ್ ತೆರೆದು ಹಿಂದಿನ ತೀರ್ಮಾನ ಓದುವರು, ಶಾಲೆಯ ಹಾಜರಿ ಕೂಗುವ ಅದೇ ದನಿಯಲ್ಲಿ.

ಒಮ್ಮೆ ಒಬ್ಬನೇ ಒಬ್ಬ ಒಪ್ಪದೆ ಉಳಿದ. ಉಳಿದವರು ರೇಗಿದಾಗ ಮಾಸ್ತರು ಊರಿನ ಬಂಡೆಯ ಕಥೆ ತೆಗೆದರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರಿಗೆ ಕಂಡ ಶಾಸನ ಅದು. ಅಲ್ಲಿಯವರೆಗೆ ಸಿಕ್ಕ ಧರ್ಮಶಾಸನಗಳಲ್ಲಿ ಸಮ್ರಾಟ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ. ಇಲ್ಲಿ ಮಾತ್ರ ಅಸೋಕನೆಂಬ ಹೆಸರಿತ್ತು. “ಎಲ್ಲರಂಗ ಬರಿ ಅಂತ ಶಾಸನ ಕೆತ್ತಿದವನ ಕೈ ಹಿಡದಿದ್ರ ಆ ಹೆಸರು ಸಿಗತಿತ್ತೇನ್ರಿ?” ಅಂದರು. ಒಪ್ಪದವನ ಮಾತೂ ನೋಟ್‌ಬುಕ್ ಸೇರಿತು. ಅವನು ಮರುವಾರವೇ ಒಪ್ಪಿಕೊಂಡ, ಕಾರಣ ಹೇಳಲಿಲ್ಲ.

ಕಡೆಕಡೆಗೆ ಮಾಸ್ತರು ಮೂಲೆಯ ಹುಡುಗನನ್ನೇ ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿ, ತಾವು ಬಾಗಿಲ ಬಳಿ ಕೂತು ನಿದ್ದೆಯ ನಟನೆ ಮಾಡುತ್ತಿದ್ದರು. ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಸಮಿತಿ ನಿಲ್ಲಲಿಲ್ಲ. ಈಗ ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ತರುವಾಗ ಅರ್ಕಾವತ್ತು ಎಲ್ಲಿ ಹೋಗುತ್ತದೆಂಬ ತಕರಾರು ನಡೆದಿದೆ. ಹುಡುಗ ಜಾಣ, ಪ್ರಾಮಾಣಿಕ. ಆದರೆ ಅಧ್ಯಕ್ಷನಾದಾಗಿನಿಂದ ತಾನೇ ಬಹಳ ಮಾತಾಡುತ್ತಾನೆ. ಅವನ ಕೈಗೆ ಪೆನ್ನು ಕೊಡಲು ನಮ್ಮಲ್ಲಿ ಯಾರಿಗೂ ಧೈರ್ಯವಿಲ್ಲ.