ಹಾಡಿಗೆ ಮುಂಚಿನ ಕೆಮ್ಮು

ವಿಜಯನಗರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿತ್ತು. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಅದನ್ನು ಯಾರೂ ತೆಗೆದಿರಲಿಲ್ಲ. ಕಳೆದ ವರ್ಷ ಸುಣ್ಣ ಬಣ್ಣ ಮಾಡಿಸುವಾಗ ಕೆಳಗಿಳಿಸಿ ನೋಡಿದರೆ ಒಳಗೆ ನಲವತ್ತಮೂರು ಕ್ಯಾಸೆಟ್ಟುಗಳು. ಒಂದೂ ಅಂಗಡಿಯಲ್ಲಿ ಕೊಂಡ ಹಾಡಿನದಲ್ಲ, ಎಲ್ಲವೂ ಅಪ್ಪ ತಾವೇ ರೆಕಾರ್ಡ್ ಮಾಡಿಕೊಂಡಿದ್ದವು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅಪ್ಪ 1984ರಲ್ಲಿ ಬೋನಸ್ಸಿನ ದುಡ್ಡಿನಲ್ಲಿ ಒಂದು ಟೂ-ಇನ್-ಒನ್ ತಂದಿದ್ದರು. ತುಮಕೂರಿನ ಕಡೆಯ ನಮ್ಮೂರಿಗೆ ಹೊರಟರೆ ಬಟ್ಟೆಯ ಚೀಲಕ್ಕಿಂತ ಮೊದಲು ಅದು ಹೆಗಲೇರುತ್ತಿತ್ತು. ಅಜ್ಜಿ ರಾಗಿ ಬೀಸುತ್ತಾ ಹಾಡಿದ ಪದ, ಮದುವೆ ಮನೆಯಲ್ಲಿ ಅತ್ತೆಯರು ಹೇಳಿದ ಸೋಬಾನೆ, ಅಮ್ಮನ ಆರತಿ ಹಾಡು, ನಮ್ಮಕ್ಕ ಎರಡನೇ ಕ್ಲಾಸಿನಲ್ಲಿ ಒಪ್ಪಿಸಿದ ಮಗ್ಗಿ, ಎಲ್ಲವೂ ಅದರೊಳಗೆ ಹೋಗಿದ್ದವು.

ಕೆಲವು ಕ್ಯಾಸೆಟ್ಟಿನ ಮೇಲೆ ಅಪ್ಪನ ದುಂಡನೆಯ ಅಕ್ಷರದಲ್ಲಿ ‘ಅವ್ವ – ಬೀಸೋ ಪದ’ ಎಂದಿತ್ತು. ಕೆಲವದರ ಮೇಲೆ ಬರೀ ‘ಮದುವೆ 2’. ಯಾರ ಮದುವೆ, ಒಂದನೆಯದು ಎಲ್ಲಿ, ಗೊತ್ತಿಲ್ಲ. ಆದರೆ ಯಾವುದು ಅವರಿಗೆ ಮುಖ್ಯ ಅನ್ನುವುದಕ್ಕೆ ಇನ್ನೊಂದು ಗುರುತಿತ್ತು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ಒಂದೊಂದು ಬದಿಗೆ ಒಂದೊಂದು. ಅದನ್ನು ಮುರಿದುಬಿಟ್ಟರೆ ಮತ್ತೆ ಅದರ ಮೇಲೆ ರೆಕಾರ್ಡ್ ಮಾಡಲಾಗುವುದಿಲ್ಲ. ನಲವತ್ತಮೂರರಲ್ಲಿ ಹತ್ತೊಂಬತ್ತರ ಹಲ್ಲು ಮುರಿದಿತ್ತು.

ಕೆಂಗೇರಿ ಉಪನಗರದಲ್ಲಿರುವ ಅಕ್ಕ ಫೋನಿನಲ್ಲೇ ಹಟ ಹಿಡಿದಳು, ‘ಎಲ್ಲಾ ನನಗೂ ಬೇಕು ಕಣೇ.’ ಪೆನ್‌ಡ್ರೈವಿಗೆ ಹಾಕಿ ಕೊಟ್ಟರಾಯಿತು ಅಂದುಕೊಂಡೆ. ಆದರೆ ಅಮ್ಮನಿಗೆ ಪೆನ್‌ಡ್ರೈವ್ ಒಗ್ಗುವುದಿಲ್ಲ, ಅವಳಿಗೆ ಫೋನಿನಲ್ಲಿ ಒತ್ತಿದರೆ ಬರಬೇಕು. ಇಂಜಿನಿಯರಿಂಗ್ ಓದುವ ಮಗ, ‘ಕ್ಲೌಡಿಗೆ ಹಾಕಿಬಿಡಮ್ಮ’ ಅಂದ. ಅದಕ್ಕೆ ಅಮ್ಮನೇ ಅಡ್ಡ ಬಂದಳು. ತಿಂಗಳ ಚಂದಾ ಕಟ್ಟುವ ಆ್ಯಪಿನಲ್ಲಿ ಅವಳು ಮತ್ತೆ ಮತ್ತೆ ನೋಡುತ್ತಿದ್ದ ಹಳೆಯ ಕಪ್ಪು-ಬಿಳುಪು ಸಿನಿಮಾ ಒಂದು ದಿನ ಹೇಳದೆ ಕೇಳದೆ ಮಾಯವಾಗಿತ್ತು. ‘ದುಡ್ಡು ಕಟ್ಟಿದ್ದೀವಲ್ಲೇ?’ ಎಂದು ಆಗ ಕೇಳಿದ್ದಳು. ನಾವು ಕಟ್ಟಿದ್ದು ಬಾಡಿಗೆ, ಕ್ರಯವಲ್ಲ ಎಂದು ಹೇಳಿ ಅರ್ಥ ಮಾಡಿಸುವಷ್ಟರಲ್ಲಿ ನನಗೇ ಅರ್ಥವಾಗಿತ್ತು. ‘ನಮ್ಮತ್ತೆ ಹಾಡು ಬಾಡಿಗೆ ಮನೇಲಿ ಇರೋದು ಬೇಡ’ ಅಂದಳು ಅಮ್ಮ. ಹಾಗಾಗಿ ಮನೆಯಲ್ಲೇ ಸರ್ವರ್ ಇಡುವುದೆಂದಾಯಿತು.

ಸರ್ವರ್ ಅಂದರೆ ದೊಡ್ಡ ಯಂತ್ರವೇನಲ್ಲ. ಪರದೆ ಒಡೆದುಹೋಗಿ ಮೂಲೆ ಸೇರಿದ್ದ ಮಗನ ಹಳೆಯ ಲ್ಯಾಪ್‌ಟಾಪೇ ಸಾಕಾಯಿತು. ಅದರಿಂದ ಒಂದು ಅನುಕೂಲವೂ ಇತ್ತು: ಕರೆಂಟು ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಎಸ್.ಪಿ. ರೋಡಿಗೆ ಹೋಗಿ 4 ಟಿಬಿಯ ಹಾರ್ಡ್‌ಡಿಸ್ಕ್ ತಂದೆವು. ಮಗ ಲಿನಕ್ಸ್ ಹಾಕಿ, ಅದರ ಮೇಲೆ ಜೆಲ್ಲಿಫಿನ್ ಎಂಬ ತಂತ್ರಾಂಶ ಕೂರಿಸಿದ. ಅದು ಉಚಿತ. ಎಂಬಿ ಎಂಬ ಇನ್ನೊಂದು ತಂತ್ರಾಂಶ ತನ್ನ ಮೂಲ ಸಂಕೇತವನ್ನು ಮುಚ್ಚಿಟ್ಟುಕೊಂಡಾಗ, ಒಪ್ಪದವರು 2018ರ ಕೊನೆಯಲ್ಲಿ ಬೇರೆ ಒಲೆ ಹೂಡಿ ಶುರುಮಾಡಿದ್ದಂತೆ. ಡಿಸ್ಕಿನಲ್ಲಿರುವ ಹಾಡು, ವಿಡಿಯೊಗಳನ್ನೆಲ್ಲ ಅದು ಸಾಲಾಗಿ ಜೋಡಿಸಿ, ಮನೆಯ ಟಿವಿ, ಫೋನು, ಟ್ಯಾಬು ಯಾವುದರಿಂದ ಕೇಳಿದರೂ ಬಡಿಸುತ್ತದೆ.

ಮೊದಲ ವಾರ ಬರೀ ವಿಳಾಸದ ಗೋಳು. ರೌಟರು ಮನೆಯ ಒಂದೊಂದು ಯಂತ್ರಕ್ಕೂ 192.168 ಎಂದು ಶುರುವಾಗುವ ನಂಬರು ಕೊಡುತ್ತದೆ, ಕರೆಂಟು ಹೋಗಿ ಬಂದರೆ ಬೇರೆ ನಂಬರು ಕೊಟ್ಟರೂ ಕೊಟ್ಟೀತು. ನಿನ್ನೆ ಇದ್ದಲ್ಲಿ ಇವತ್ತು ಸರ್ವರ್ ಇಲ್ಲ! ರೌಟರಿನಲ್ಲಿ ಅದಕ್ಕೊಂದು ನಂಬರು ಕಾಯಂ ಮಾಡಿದ ಮೇಲೆ ಆ ಕಾಟ ತಪ್ಪಿತು. ಇನ್ನು ಕೆಂಗೇರಿಯ ಅಕ್ಕನದು ಬೇರೆ ಕಥೆ. ನಮ್ಮ ಬ್ರಾಡ್‌ಬ್ಯಾಂಡಿನವರು ನೂರಾರು ಮನೆಗಳಿಗೆ ಸೇರಿಸಿ ಹೊರಗಿನ ಒಂದೇ ವಿಳಾಸ ಕೊಟ್ಟಿದ್ದಾರೆ. ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಳಗೆ ಹತ್ತು ಸಂಸಾರ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಬಂದು ಬಾಗಿಲು ತಟ್ಟಿದರೆ ಯಾರ ಮನೆಗೆ ಬಂದದ್ದೆಂದು ಯಾರಿಗೂ ತಿಳಿಯದು. ಕೊನೆಗೆ ಟೇಲ್‌ಸ್ಕೇಲ್ ಎಂಬುದನ್ನು ಸರ್ವರಿಗೂ ಅಕ್ಕನ ಫೋನಿಗೂ ಹಾಕಿ, ಎರಡಕ್ಕೂ ನಡುವೆ ನಮ್ಮದೇ ಒಂದು ಗುಟ್ಟಿನ ಓಣಿ ಮಾಡಿದ ಮಗ.

ಅಕ್ಕನ ಮದುವೆಯ ವಿಡಿಯೊವನ್ನೂ ಪರೀಕ್ಷೆಗೆಂದು ಸೇರಿಸಿದೆವು. ನಮ್ಮ ಹಳೇ ಟಿವಿಗೆ ಆ ಕಡತದ ಭಾಷೆ ಬರುವುದಿಲ್ಲ. ಸರ್ವರ್ ಆಗ ದುಭಾಷಿಯ ಹಾಗೆ ನಿಂತ ನಿಲುವಿನಲ್ಲೇ ಅನುವಾದ ಮಾಡುತ್ತಾ ಕಳಿಸುತ್ತದೆ. ಆ ಶ್ರಮಕ್ಕೆ ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯಂತೆ ಕೂಗುತ್ತಿತ್ತು. ಸಾಲದ್ದಕ್ಕೆ ಜೆಲ್ಲಿಫಿನ್ ಪ್ರತಿ ವಿಡಿಯೊದ ಹೆಸರು ನೋಡಿ ಇಂಟರ್ನೆಟ್ಟಿನಿಂದ ಪೋಸ್ಟರ್ ಹುಡುಕಿ ತಂದು ಅಂಟಿಸುತ್ತದೆ. ಅಕ್ಕನ ಮದುವೆಗೆ ಅದು ಅಂಟಿಸಿದ್ದು ಬಂದೂಕು ಹಿಡಿದ ಯಾರೋ ನಾಯಕನ ಚಿತ್ರ. ‘ನಿಮ್ಮ ಭಾವನಿಗೆ ತೋರಿಸಬೇಡ, ಖುಷಿಪಡ್ತಾರೆ’ ಅಂದಳು ಅಕ್ಕ.

ಇದೆಲ್ಲ ಒಂದು ವಾರದ ಕೆಲಸ. ಕ್ಯಾಸೆಟ್ಟುಗಳಿಗೆ ಹಿಡಿದದ್ದು ಮೂರು ತಿಂಗಳು. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು, ಅದರಲ್ಲಿ ಅಡ್ಡದಾರಿ ಇಲ್ಲ. ಕಚೇರಿಯಿಂದ ಬಂದು, ರಾತ್ರಿ ಪಾತ್ರೆ ತೊಳೆದಿಟ್ಟು, ದಿನಕ್ಕೊಂದರಂತೆ ಡೆಕ್ಕಿಗೆ ಹಾಕಿ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಒಂದೊಂದು ಹಾಡನ್ನೂ ಬೇರೆ ಮಾಡಿ, ಹಿಂದೆ ಮುಂದೆ ಇದ್ದ ಗುಂಯ್ ಶಬ್ದ, ಕೆಮ್ಮು, ಕುರ್ಚಿ ಎಳೆದದ್ದು, ಬಟನ್ ಒತ್ತಿದ ಟಕ್ ಸದ್ದು, ಎಲ್ಲ ಕತ್ತರಿಸಿ ಹಸನು ಮಾಡಿದೆ. ಅಕ್ಕಿ ಆರಿಸಿದಷ್ಟು ತೃಪ್ತಿ. ಕೆಲಸ ಮುಗಿಯಿತೆಂದು ಮೂಲ ಕಡತಗಳನ್ನು ಅಳಿಸಿಯೂ ಬಿಟ್ಟೆ.

ಯುಗಾದಿಯ ಸಂಜೆ ಸರ್ವರಿನ ಪ್ರಾರಂಭೋತ್ಸವ. 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ್ದರು. ಅದೇ ಆಮೇಲೆ ಆಕಾಶವಾಣಿ ಎಂಬ ಹೆಸರು ಪಡೆಯಿತು. ಅಂಥದ್ದೇನೋ ಮಾಡುತ್ತಿರುವ ಬೀಗು ನನಗೆ. ಟಿವಿಯಲ್ಲಿ, ಅಮ್ಮನ ಫೋನಿನಲ್ಲಿ, ಕೆಂಗೇರಿಯಲ್ಲಿ, ಮೂರು ಕಡೆ ಅಜ್ಜಿಯ ದನಿ ಬಂತು. ಅಕ್ಕ ಫೋನಿನಲ್ಲೇ ಅತ್ತಳು. ಅಮ್ಮ ಮಾತ್ರ ಒಂದಾದ ಮೇಲೊಂದು ಹಾಡು ಕೇಳುತ್ತಾ ಏನೋ ಹುಡುಕುವವಳಂತೆ ಕೂತಿದ್ದಳು. ಏಳೆಂಟು ಹಾಡಾದ ಮೇಲೆ ಕನ್ನಡಕ ತೆಗೆದು ಕೇಳಿದಳು:

‘ಎಲ್ಲಾ ಚೆನ್ನಾಗಿದೆ ಕಣೇ. ನಿಮ್ಮಪ್ಪ ಎಲ್ಲಿ?’

ನನಗೆ ತಕ್ಷಣ ತಿಳಿಯಲಿಲ್ಲ. ಅಪ್ಪ ಹಾಡುತ್ತಿರಲಿಲ್ಲವಲ್ಲ? ‘ಹಾಡ್ತಿರಲಿಲ್ಲ, ಆದ್ರೆ ಪ್ರತಿ ಹಾಡಿಗೂ ಮುಂಚೆ ಕೆಮ್ಮಿ, ಹೂಂ, ಶುರು ಮಾಡಿ ಅನ್ನೋರು. ಅದೆಲ್ಲೋಯ್ತು?’

ಅದನ್ನು ನಾನೇ ಕತ್ತರಿಸಿದ್ದೆ. ನಲವತ್ತಮೂರು ಕ್ಯಾಸೆಟ್ಟಿನಿಂದ ಒಬ್ಬ ಮನುಷ್ಯನನ್ನು ಕಸವೆಂದು ಆರಿಸಿ ಎಸೆದಿದ್ದೆ. ಮೊಬೈಲಿಗೂ ಮುಂಚಿನ ಮನೆಗಳಲ್ಲಿ ಕ್ಯಾಮೆರಾ ಹಿಡಿದವನು ಫೋಟೊದಲ್ಲಿ ಇರುತ್ತಿರಲಿಲ್ಲ, ಟೇಪು ಹಿಡಿದವನು ಹಾಡಿನಲ್ಲಿ ಇರುತ್ತಿರಲಿಲ್ಲ. ಅಪ್ಪ ಇದ್ದದ್ದು ಆ ಅಂಚಿನ ಮೂರು ನಾಲ್ಕು ಸೆಕೆಂಡುಗಳಲ್ಲಿ ಮಾತ್ರ. ಲೆಕ್ಕ ಹಾಕಿದರೆ ಎಲ್ಲ ಮೂಲ ಕಡತಗಳೂ ಸೇರಿ ಸುಮಾರು 27 ಜಿಬಿ. 4 ಟಿಬಿಯಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಜಾಗ ಬೇಕಾದಷ್ಟಿತ್ತು, ನನಗೆ ಕಿವಿ ಇರಲಿಲ್ಲ.

ಮಾರನೆಯ ರಾತ್ರಿಯಿಂದ ಮತ್ತೆ ಮೊದಲಿಂದ ಶುರು. ಈ ಸಲ ಅಮ್ಮನೂ ಪಕ್ಕದಲ್ಲಿ ಕೂತಳು. ಅಪ್ಪನ ದನಿ ಬಂತು. ಮದುವೆ ಮನೆಯಲ್ಲಿ ಗದರಿದ್ದು, ‘ಯಾರದು ಬಾಗಿಲು ತೆಗೆದದ್ದು’ ಅಂದದ್ದು, ಅಕ್ಕ ಏಳೆಂಟ್ಲ ತಪ್ಪು ಹೇಳಿದಾಗ ನಗು ತಡೆದುಕೊಂಡದ್ದು. ಹದಿನೇಳನೆಯ ರಾತ್ರಿ ‘ಅವ್ವ – ಬೀಸೋ ಪದ’ ಹಾಕಿದೆವು. ಹಲ್ಲು ಮುರಿದಿದ್ದ ಕ್ಯಾಸೆಟ್ಟು. ಮೊದಲ ಸಲ ಸಲೀಸಾಗಿ ಓಡಿದ್ದು ಈ ಸಲ ಡೆಕ್ಕಿನೊಳಗೆ ಸುತ್ತಿಕೊಂಡುಬಿಟ್ಟಿತು. ಬಿಡಿಸುವಾಗ ಟೇಪು ತುಂಡಾಯಿತು. ಪೆನ್ಸಿಲಿನಲ್ಲಿ ಸುತ್ತಿ, ತೆಳ್ಳಗೆ ಅಂಟು ಹಾಕಿ ಜೋಡಿಸಿದೆ. ಅಜ್ಜಿಯ ಹಾಡು ಉಳಿಯಿತು. ಅದಕ್ಕೆ ಮುಂಚಿನ ಹತ್ತು ಸೆಕೆಂಡು ಮುದುಡಿ ಹೋಗಿತ್ತು. ತಿಂಗಳ ಹಿಂದೆ ನನ್ನ ಕಂಪ್ಯೂಟರಿನಲ್ಲಿ ಅದು ಪೂರ್ತಿ ಇತ್ತು.

ಅಮ್ಮ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ ಜ್ಞಾಪಕ ಇದೆ, ಬರಕೋ’ ಅಂದಳು. ‘ಅವ್ವಾ, ರಾಗಿ ಜಾಸ್ತಿ ಹಾಕಬೇಡ, ಕಲ್ಲಿನ ಸದ್ದಲ್ಲಿ ಪದ ಕೇಳಲ್ಲ, ಅಂದಿದ್ರು. ಅತ್ತೆ ಅದಕ್ಕೆ, ಕಲ್ಲು ಸದ್ದು ಮಾಡ್ದೇ ಇದ್ರೆ ಪದ ಬರಲ್ಲ ಕಣಪ್ಪ, ಅಂದಿದ್ರು.’

ಸರ್ವರಿನಲ್ಲಿ ಪ್ರತಿ ಹಾಡಿಗೂ ತುಂಬಬೇಕಾದ ಜಾಗಗಳಿವೆ: ಹಾಡಿನ ಹೆಸರು, ಹಾಡಿದವರು, ವರ್ಷ. ಸಿನಿಮಾ ಹಾಡಾದರೆ ಇಂಟರ್ನೆಟ್ಟಿನಲ್ಲಿ ಸಿಕ್ಕೀತು. ನಮ್ಮ ಅತ್ತೆಯರ ಹೆಸರು ಜಗತ್ತಿನ ಯಾವ ಪಟ್ಟಿಯಲ್ಲೂ ಇಲ್ಲ, ನಾವು ತುಂಬದಿದ್ದರೆ ಅದು ‘ಅಪರಿಚಿತ’ ಎಂದು ತೋರಿಸುತ್ತದೆ. ಎಂಬತ್ತರ ಹತ್ತಿರವಿರುವ ಅಮ್ಮ ಕಣ್ಣು ಮುಚ್ಚಿ ಕೇಳಿ ಒಬ್ಬೊಬ್ಬರನ್ನೇ ಗುರುತಿಸಿದಳು. ಇದು ಸಣ್ಣತ್ತೆ, ಇದು ಪಕ್ಕದ ಮನೆಯವಳು, ಮೂಗುಬೊಟ್ಟಿನವಳು, ಅವಳ ಹೆಸರು ಬೆಳಿಗ್ಗೆ ಹೇಳ್ತೀನಿ. ಬೆಳಿಗ್ಗೆ ಹೇಳಿದಳು. ಕೆಲವರದ್ದು ಅವಳಿಗೂ ಬರಲಿಲ್ಲ, ಅವರು ಅಪರಿಚಿತರಾಗಿಯೇ ಉಳಿದರು. ಕ್ಯಾಸೆಟ್ಟಿನ ಒಡೆಯ ಅನ್ನುವಂಥ ಇನ್ನೊಂದು ಜಾಗವಿದೆ, ಆಲ್ಬಮ್ ಕಲಾವಿದ ಎಂದು. ನಲವತ್ತಮೂರಕ್ಕೂ ಅಲ್ಲಿ ಅಪ್ಪನ ಹೆಸರು ಹಾಕಿದೆ. ಬೀಸೋ ಪದದ ವಿವರಣೆಯಲ್ಲಿ ಅಮ್ಮ ಹೇಳಿದ ಎರಡು ಮಾತು.

ಒಂದೇ ಪ್ರತಿ ಇದ್ದರೆ ಅದು ಇಲ್ಲದ ಹಾಗೇ ಎನ್ನುತ್ತಾರೆ ಕಂಪ್ಯೂಟರಿನವರು. ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದಾದರೂ ಬೇರೆ ಮನೆಯಲ್ಲಿರಬೇಕು. ಕತ್ತರಿಸದ ಮೂಲ ಕಡತಗಳನ್ನು ಇನ್ನೊಂದು ಡಿಸ್ಕಿಗೆ ಹಾಕಿ, ಚಪಾತಿ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಮೆಟ್ರೋ ಹತ್ತಿ ಅಕ್ಕನಿಗೆ ಕೊಟ್ಟು ಬಂದೆ. 2021ರಲ್ಲಿ ನೇರಳೆ ಮಾರ್ಗ ಕೆಂಗೇರಿಯವರೆಗೂ ಬಂದಮೇಲೆ ಅವಳ ಮನೆ ನಮಗೆ ಹತ್ತಿರವಾಗಿದೆ. ಟ್ರಂಕು ಈಗ ಅಟ್ಟದ ಮೇಲಿಲ್ಲ, ಅಮ್ಮನ ಮಂಚದ ಕೆಳಗಿದೆ.

ಯಾವ ಫೋನಿನಲ್ಲಿ ಯಾರು ಏನು ಕೇಳುತ್ತಿದ್ದಾರೆ ಎನ್ನುವುದನ್ನು ಸರ್ವರ್ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಮೊನ್ನೆ ನೋಡಿದರೆ ಅಮ್ಮನ ಫೋನಿನಿಂದ ಹತ್ತು ನಿಮಿಷದಲ್ಲಿ ಒಂದೇ ಹಾಡು ಏಳು ಸಲ ಶುರುವಾಗಿತ್ತು. ವೈಫೈ ತೊಂದರೆ ಇರಬೇಕೆಂದು ಅವಳ ಕೋಣೆಗೆ ಹೋದೆ. ಅಮ್ಮ ಮಂಚದ ಮೇಲೆ ಕೂತು ಫೋನನ್ನು ಕಿವಿಗೆ ಹಿಡಿದಿದ್ದಳು. ಕೆಮ್ಮು ಬಂತು, ‘ಹೂಂ, ಶುರು ಮಾಡಿ’ ಬಂತು. ಹಾಡು ಶುರುವಾಗುತ್ತಿದ್ದಂತೆ ಅಮ್ಮ ಮತ್ತೆ ಮೊದಲಿಗೆ ಒತ್ತಿದಳು.