ಅಂಕಿತವಿಲ್ಲದ ಹಾಡುಗಳು

ದಾಸರ ಪದವನ್ನು ಬರೆದವರು ಯಾರು ಎಂದು ತಿಳಿಯಲು ಪುಸ್ತಕ ಬೇಕಾಗಿಲ್ಲ. ಕೊನೆಯ ನುಡಿಯವರೆಗೆ ಕಾದರೆ ಸಾಕು. ನಮ್ಮ ಸೀಮೆಯವರೇ ಆದ ಹರಪನಹಳ್ಳಿ ಭೀಮವ್ವ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಹಾಡುಗಳನ್ನು ಇವತ್ತು ಹೇಳುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಅವನ್ನು ಓದಿ ಕಲಿತವರಲ್ಲ. ಅಜ್ಜಿಯಿಂದ, ಅತ್ತೆಯಿಂದ ಕೇಳಿ ಕಲಿತವರು. ಆದರೂ ‘ಭೀಮೇಶಕೃಷ್ಣ’ ಬಂದ ಕೂಡಲೇ ಇದು ಭೀಮವ್ವನದೆಂದು ಗೊತ್ತಾಗುತ್ತದೆ. ವಚನಗಳಿಗೂ ಇದೇ ಅನುಕೂಲ. ಹಾಡು ಎಲ್ಲಿಗೆ ಹೋದರೂ ಕಟ್ಟಿದವರ ಗುರುತು ಅದರ ಸೆರಗಿನಲ್ಲೇ ಗಂಟು ಹಾಕಿಕೊಂಡು ಹೋಗುತ್ತದೆ.

ನಾಟಕದ ಪದಕ್ಕೆ ಈ ಭಾಗ್ಯ ಇಲ್ಲ. ಅದನ್ನು ಹಾಡುವುದು ಸದಾರಮೆ, ದ್ರೌಪದಿ ಅಥವಾ ಕೃಷ್ಣ. ಸೆರೆಮನೆಯಲ್ಲಿ ಅಳುತ್ತಿರುವ ದೇವಕಿಯ ಬಾಯಲ್ಲಿ ಕವಿ ತನ್ನ ಹೆಸರನ್ನು ಎಲ್ಲಿ ತುರುಕುವುದು? ಪಾತ್ರವನ್ನು ಚೆನ್ನಾಗಿ ಕಂಡವನು ತಾನು ಮರೆಗೆ ಸರಿಯಲೇಬೇಕು. ಹಾಗೆ ಮರೆಗೆ ಸರಿದವರು ಅಲ್ಲೇ ಉಳಿದುಬಿಟ್ಟರು.

ಇದನ್ನು ನಾನು ಯೋಚಿಸತೊಡಗಿದ್ದು ನಮ್ಮ ದೊಡ್ಡಪ್ಪನ ಪದಗಳ ಬುಕ್ಕನ್ನು ನೋಡಿದ ಮೇಲೆ. ದೊಡ್ಡಪ್ಪ ಪೇಟಿ ಮಾಸ್ತರ. ಕೊಟ್ಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಎರಡೂವರೆ ಎಕರೆ ಹೊಲ ಇತ್ತು, ಆದರೆ ಜನ ಅವರನ್ನು ಗುರುತಿಸುತ್ತಿದ್ದುದು ಹಾರ್ಮೋನಿಯಂನಿಂದ. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಊರಿನ ಹುಡುಗರು ಬಂದು ವೀಳ್ಯ ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಕೂಡ್ಲಿಗಿ ಕಡೆಯ ಊರೊಂದರಲ್ಲಿ ಎರಡು ತಿಂಗಳು, ಹಗರಿಬೊಮ್ಮನಹಳ್ಳಿ ಕಡೆ ಒಂದೂವರೆ ತಿಂಗಳು, ಹಡಗಲಿ, ಹರಪನಹಳ್ಳಿ ಹಳ್ಳಿಗಳಲ್ಲಿ ಇನ್ನಷ್ಟು ದಿನ. ಗುಡಿಯ ಕಟ್ಟೆಯ ಮೇಲೆ ರಾತ್ರಿ ತಾಲೀಮು, ದಿನಕ್ಕೊಬ್ಬರ ಮನೆಯಲ್ಲಿ ಊಟ. ಎತ್ತು ಹೊಡೆಯುವ ಹುಡುಗನನ್ನು ಎರಡು ತಿಂಗಳಲ್ಲಿ ದುರ್ಯೋಧನನನ್ನಾಗಿ ಮಾಡುವುದು ಅವರ ಕೆಲಸ. ಜಾತ್ರೆಯ ರಾತ್ರಿ ನಾಟಕ ಮುಗಿದು ಬೆಳಗಾಗುತ್ತಿದ್ದಂತೆ ಟವೆಲ್ಲು, ಧೋತರ, ಒಂದಿಷ್ಟು ರೂಪಾಯಿ ತೆಗೆದುಕೊಂಡು ಮುಂದಿನ ಊರಿಗೆ ನಡೆಯುತ್ತಿದ್ದರು.

ಆ ಬುಕ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ಪದಗಳಿವೆ. ಒಂದೊಂದರ ತಲೆಯ ಮೇಲೂ ರಾಗ, ತಾಳ, ಧಾಟಿ ಬರೆದಿದೆ. ಪಕ್ಕದಲ್ಲಿ ‘ಗುಬ್ಬಿ ಕಂಪನಿದು’, ‘ಗರುಡರ ಕಂಪನಿದು’, ‘ಶಿರಹಟ್ಟಿ ಕಂಪನಿದು’ ಎಂದಿದೆ. ಬರೆದ ಕವಿಯ ಹೆಸರು ಒಂದರ ಮೇಲೂ ಇಲ್ಲ. ಕಂಪನಿಯ ಹೆಸರೇ ಕವಿಯ ಹೆಸರಾಗಿ ಕೂತಿದೆ.

‘ಗುಬ್ಬಿ ಕಂಪನಿದು’ ಎಂಬ ಎರಡು ಪದಗಳ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾರೆ ಎಂದು ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳು. ತುಮಕೂರು ಸೀಮೆಯ ಬೆಳ್ಳಾವೆಯವರು. 1880ರ ದಶಕದಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡರು. ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾದದ್ದು 1884ರಲ್ಲಿ. ಅಂದರೆ ಕವಿಯೂ ಕಂಪನಿಯೂ ಹೆಚ್ಚುಕಡಿಮೆ ಓರಗೆಯವರು. ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ಆ ಕಂಪನಿ ನಾಡಿನಲ್ಲೇ ದೊಡ್ಡದಾಯಿತು. ಅದಕ್ಕೆ ಶಾಸ್ತ್ರಿಗಳು ‘ಕೃಷ್ಣಲೀಲೆ’ಯಂಥ ನಾಟಕಗಳನ್ನು, ಅವುಗಳ ಹಾಡುಗಳನ್ನು ಬರೆದುಕೊಟ್ಟರು.

ನಮ್ಮ ಕಡೆಯವರಿಗೆ ಗುಬ್ಬಿ ಅಂದರೆ ಆಗ ಪರದೇಶವೇ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಡಗಲಿಯಲ್ಲಿ ತುಂಗಭದ್ರೆ ದಾಟಿದರೆ ಧಾರವಾಡ ಜಿಲ್ಲೆ, ಅದು ಮುಂಬಯಿ ಪ್ರಾಂತ್ಯ. ಹರಪನಹಳ್ಳಿ, ಕೂಡ್ಲಿಗಿಯಿಂದ ದಕ್ಷಿಣಕ್ಕೆ ಇಳಿದರೆ ಚಿತ್ರದುರ್ಗ, ಅದು ಮೈಸೂರು ಮಹಾರಾಜರ ರಾಜ್ಯ. ಮೂರು ಸರ್ಕಾರಗಳ ಸರಹದ್ದು ನಮ್ಮ ಹೊಲಗಳ ಆಚೀಚೆಯೇ ಇತ್ತು. ಕನ್ನಡದ ಊರುಗಳನ್ನು ಒಂದು ಕಡೆ ಸೇರಿಸಲು 1953, 1956 ಬರಬೇಕಾಯಿತು. ಹಾಡುಗಳು ಅಷ್ಟು ವರ್ಷ ಕಾಯಲಿಲ್ಲ. ಮೈಸೂರಿನ ಪದ, ಗದಗಿನ ಪದ, ಮದ್ರಾಸ್ ಪ್ರಾಂತ್ಯದ ಕೊಟ್ಟೂರಿನ ತಾಲೀಮು ಮನೆಯಲ್ಲಿ ಒಂದೇ ಬುಕ್ಕಿನೊಳಗೆ ಕೂತಿದ್ದವು.

ಶಾಸ್ತ್ರಿಗಳ ಹಾಡು ಇನ್ನೂ ದೂರ ಹೋಯಿತು. ಕನ್ನಡದ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನ’ಕ್ಕೆ ಕಥೆ, ಮಾತು, ಹಾಡು ಬರೆದವರು ಅವರೇ. ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ ದುಡ್ಡು ಹಾಕಿದರು. ವೈ.ವಿ. ರಾವ್ ನಿರ್ದೇಶಿಸಿದರು. ಕನ್ನಡ ಸೀಮೆಯಲ್ಲಿ ಮಾತಿನ ಸಿನಿಮಾ ತೆಗೆಯುವ ಸ್ಟುಡಿಯೋ ಇರಲಿಲ್ಲವಾದ್ದರಿಂದ ಎಲ್ಲರೂ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ಗೆ ಹೋದರು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಮರಾಠಿ ಊರಿನಲ್ಲಿ ನಿಂತು ತುಮಕೂರು ಸೀಮೆಯ ಕವಿಯ ಕನ್ನಡವನ್ನು ಹಾಡಿದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಅದು ತೆರೆಗೆ ಬಂತು. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಕನ್ನಡ ಸಿನಿಮಾದ ಮೊದಲ ಹಾಡುಗಳು ಪರದೆಯ ಮೇಲೆ ಹೇಗಿದ್ದವು ಎಂದು ನಾವು ನೋಡಲಾರೆವು. ಅವರ ನಾಟಕದ ಪದಗಳಾದರೋ ಪೇಟಿ ಮಾಸ್ತರರ ಬುಕ್ಕುಗಳಲ್ಲಿ, ಕಲಾವಿದೆಯರ ಗಂಟಲಲ್ಲಿ ಬದುಕಿಕೊಂಡವು, ಹೆಸರೊಂದನ್ನು ಬಿಟ್ಟು.

ಹೆಸರು ಬಿದ್ದುಹೋಗಲು ಇನ್ನೊಂದು ಕಾರಣವೂ ಇದೆ. ಆ ಕಾಲದ ಪದಗಳಲ್ಲಿ ಎಷ್ಟೋ ಮೊದಲು ಧಾಟಿಯಾಗಿ ಬಂದವು, ಮಾತು ಆಮೇಲೆ ಬಂತು. ಹಿಟ್ ಆದ ಮರಾಠಿ ರಂಗಗೀತೆಯ ಧಾಟಿಯನ್ನು ಮಾಸ್ತರರು ಕೇಳಿಕೊಂಡು ಬರುತ್ತಿದ್ದರು, ಕವಿ ಅದಕ್ಕೆ ಕನ್ನಡ ತುಂಬಿಸಬೇಕು. ಹೀಗಾಗಿ ‘ಇದೇನು ಸ್ವಂತದ್ದಲ್ಲ’ ಎಂಬ ತಾತ್ಸಾರ ಹಾಡಿನ ಜೊತೆಗೇ ಹುಟ್ಟಿತು. ಆದರೆ ಧಾಟಿಯ ಮೂಲ ಹುಡುಕುತ್ತ ಹೋದರೆ ಕಥೆ ತಿರುಗುತ್ತದೆ. ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಆಡಿದ ಅವರ ‘ಸಂಗೀತ ಶಾಕುಂತಲ’ದ ಪದಗಳಲ್ಲಿ ಕನ್ನಡದ ಧಾಟಿಗಳೂ ಇದ್ದವು. ನಮ್ಮ ಧಾಟಿ ಪುಣೆಗೆ ಹೋಗಿ ಮರಾಠಿ ಉಟ್ಟಿತು. ಮರಾಠಿ ನಾಟಕಗಳ ಅಬ್ಬರಕ್ಕೆ ಎದುರಾಗಿ ಗದಗಿನಲ್ಲಿ ಶಾಂತಕವಿಗಳು ಕನ್ನಡದ ಮಂಡಳಿ ಕಟ್ಟಿದರು. ಮರಾಠಿಯ ಧಾಟಿಗಳು ಮುಂದೆ ನಮ್ಮ ಕಂಪನಿಗಳಿಗೆ ಬಂದವು. ಯಾರು ಯಾರಿಂದ ಎರವಲು ತಂದರು ಎಂದು ಲೆಕ್ಕ ಹಾಕುವುದು ಹರಿಯುವ ಹಗರಿಯಲ್ಲಿ ಊರೂರಿನ ನೀರನ್ನು ಬೇರೆ ಮಾಡಿದ ಹಾಗೆ.

ಧಾಟಿಗೆ ಮಾತು ಕೂರಿಸುವುದು ಸುಲಭದ ಕೆಲಸವೇನಲ್ಲ. ದೊಡ್ಡಪ್ಪ ಒಮ್ಮೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರು: “ತಮ್ಮಾ, ತಾನ್ ಹೊಡಿಯೋ ಜಾಗದಾಗ ಮಾತು ‘ಆ’ ಅಂತ ಬಾಯಿ ತೆರಿಬೇಕು. ಅಲ್ಲಿ ‘ಪುತ್ರ’ ಅಂತ ಇಟ್ಟಿ ಅಂದ್ರ ಹಾಡೋರ ಗಂಟಲು ಕಟ್ಟತೈತಿ. ‘ಕಂದಾ’ ಅಂತ ಇಡು, ಎಷ್ಟೊತ್ತು ಬೇಕಾದ್ರೂ ಅಳಬಹುದು.” ಛಂದಸ್ಸಿನ ಪಾಠ ಮಾಡುವಾಗ ನಾನು ಮಕ್ಕಳಿಗೆ ಗುರು ಲಘು ಎಣಿಸುವುದನ್ನು ಹೇಳಿಕೊಡುತ್ತೇನೆ. ಗುರು ಯಾಕೆ ಬೇಕು ಎಂದು ಹೇಳಿಕೊಟ್ಟವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮ ದೊಡ್ಡಪ್ಪ.

ಅದೇ ಹೊತ್ತಿಗೆ ಭೂಮಿಯ ಆಚೆ ಬದಿಯಲ್ಲೂ ಇದೇ ಕೆಲಸ ನಡೆದಿತ್ತು. ಜೀವ್ಸ್ ಕಥೆಗಳ ಪಿ.ಜಿ. ವುಡ್‌ಹೌಸ್ ನಮಗೆ ನಗೆಬರಹಗಾರರಾಗಿ ಗೊತ್ತು. ಈ ಇಂಗ್ಲಿಷ್ ಮನುಷ್ಯ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳಿಗೆ ಹಾಡು ಬರೆದವರೂ ಹೌದು. ಜೆರೋಮ್ ಕರ್ನ್ ಮೊದಲು ಧಾಟಿ ಕಟ್ಟುತ್ತಿದ್ದರು, ವುಡ್‌ಹೌಸ್ ಆಮೇಲೆ ಮಾತು ಕೂರಿಸುತ್ತಿದ್ದರು, ಥೇಟ್ ನಮ್ಮ ಕಂಪನಿ ಕವಿಗಳ ಹಾಗೆ. 1918ರ ನಾಟಕವೊಂದಕ್ಕೆಂದು ಅವರು ಬರೆದ ‘ಬಿಲ್’ ಎಂಬ ಹಾಡನ್ನು ಆ ನಾಟಕದಿಂದ ಕೈಬಿಟ್ಟರು. 1927ರಲ್ಲಿ ‘ಶೋ ಬೋಟ್’ ನಾಟಕದಲ್ಲಿ ಅದನ್ನು ಸ್ವಲ್ಪ ತಿದ್ದಿ ಬಳಸಿದಾಗ ಅದು ಪ್ರಸಿದ್ಧವಾಯಿತು. ‘ಶೋ ಬೋಟ್’ನ ಉಳಿದ ಹಾಡುಗಳನ್ನು ಬರೆದವರು ಆಸ್ಕರ್ ಹ್ಯಾಮರ್‌ಸ್ಟೈನ್. ಜನ ‘ಬಿಲ್’ ಕೂಡ ಅವರದೇ ಎಂದುಕೊಂಡರು. 1946ರಲ್ಲಿ ಆ ನಾಟಕವನ್ನು ಮತ್ತೆ ಆಡಿದಾಗ ಹ್ಯಾಮರ್‌ಸ್ಟೈನ್ ತಾವೇ ಮುಂದಾಗಿ ಕಾರ್ಯಕ್ರಮದ ಪುಸ್ತಿಕೆಯಲ್ಲಿ ಆ ಹಾಡು ತಮ್ಮದಲ್ಲ, ವುಡ್‌ಹೌಸ್ ಅವರದು ಎಂದು ಅಚ್ಚು ಹಾಕಿಸಿದರು. ಅಂಕಿತವಿಲ್ಲದ ಹಾಡಿಗೆ ಇನ್ನೊಬ್ಬ ಕವಿ ಅಂಕಿತ ಹಾಕಿದಂತಾಯಿತು. ನನಗೆ ಆ ನಾಟಕಕ್ಕಿಂತ ಆ ಒಂದು ಟಿಪ್ಪಣಿಯೇ ದೊಡ್ಡದಾಗಿ ಕಂಡಿದೆ.

ಯಾಕೆಂದರೆ ದೊಡ್ಡಪ್ಪನೂ ಪದ ಕಟ್ಟುತ್ತಿದ್ದರು. ಪುಸ್ತಕದ ನಾಟಕದಲ್ಲಿ ಒಬ್ಬ ಹುಡುಗನಿಗೆ ಹಾಡೇ ಇರುವುದಿಲ್ಲ, ಅವನೂ ಎಲ್ಲರಷ್ಟೇ ಪಟ್ಟಿ ಕೊಟ್ಟಿರುತ್ತಾನೆ, ಅವನ ಮನೆಯವರೂ ಮುಂದೆ ಬಂದು ಕೂತಿರುತ್ತಾರೆ. ಅಂಥವನಿಗೊಂದು ಪದ ಬೇಕು. ದೊಡ್ಡಪ್ಪ ರಾತ್ರಿ ಕೂತು ಕಟ್ಟಿಕೊಡುತ್ತಿದ್ದರು. ಬರಗಾಲದಲ್ಲಿ ಎತ್ತು ಮಾರುವ ರೈತನಿಗೆ ಅವರು ಕಟ್ಟಿದ ಒಂದು ಪದ ಊರಿಂದ ಊರಿಗೆ ಹೋಯಿತು. ಬೇರೆ ಮಾಸ್ತರರು ತಮ್ಮ ನಾಟಕಗಳಿಗೂ ಅದನ್ನು ಎತ್ತಿಕೊಂಡರು. ದೊಡ್ಡಪ್ಪ ಬೇಸರಪಟ್ಟವರಲ್ಲ. “ನಮ್ ಪದ ಹರಪನಹಳ್ಳಿ ತನಕ ಹೋಗೈತಂತೆ” ಎಂದು ಮಗಳ ಮದುವೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು.

ಅವರು ತೀರಿಕೊಂಡ ನಾಲ್ಕು ವರ್ಷದ ಮೇಲೆ ಆ ಪದವನ್ನು ಮೊಬೈಲಿನಲ್ಲಿ ಕೇಳಿದೆ. ಯಾರೋ ಚೆನ್ನಾಗಿಯೇ ಹಾಡಿದ್ದರು, ಹಿಂದೆ ಕೀಬೋರ್ಡ್, ಪ್ಯಾಡ್. ಕೆಳಗೆ ‘ಸಾಹಿತ್ಯ: ಜಾನಪದ’ ಎಂದಿತ್ತು. ನೋಡಿ ಬಹಳ ಹೊತ್ತು ಸುಮ್ಮನೆ ಕೂತೆ. ಜಾನಪದ ಅನ್ನುವುದು ಗೌರವದ ಮಾತು, ನಾನೇ ತರಗತಿಯಲ್ಲಿ ಹಾಗೆ ಹೇಳುತ್ತೇನೆ. ಆದರೆ ಈ ಪದ ಕಟ್ಟಿದವರಿಗೆ ಒಂದು ಮುಖ ಇತ್ತು, ಎಡಗೈಯ ತೋರುಬೆರಳಿಗೆ ಸುಣ್ಣ ಅಂಟಿರುತ್ತಿತ್ತು, ಆ ಎತ್ತು ನಮ್ಮ ಮನೆಯದೇ ಆಗಿತ್ತು. ಯಾರದೆಂದು ಕೇಳುವ ವ್ಯವಧಾನ ಇಲ್ಲದಾಗ ‘ಎಲ್ಲರದು’ ಎಂದುಬಿಡುವುದು ಸುಲಭ.

ಈ ಪದಗಳನ್ನು ನಿಜವಾಗಿ ಹೊತ್ತು ತಂದವರು ನಮ್ಮ ಸೀಮೆಯ ಕಲಾವಿದೆಯರು. ಹಳ್ಳಿ ನಾಟಕಗಳಿಗೆ ಹೆಣ್ಣುಪಾತ್ರ ಮಾಡಲು ಹೋಗುವ ಅವರಲ್ಲಿ ಒಬ್ಬರು ಕೂಡ್ಲಿಗಿಯಲ್ಲಿದ್ದಾರೆ. ಎಪ್ಪತ್ತು ದಾಟಿದೆ. ದೊಡ್ಡಪ್ಪನ ಬುಕ್ಕು ತೆಗೆದುಕೊಂಡು ಹೋದಾಗ ಅದನ್ನು ತೆರೆಯದೆಯೇ ಒಂದರ ಹಿಂದೊಂದು ಪದ ಹಾಡಿದರು. “ಯಾರು ಬರೆದದ್ದು ಅಂತ ಗೊತ್ತೇನಮ್ಮ?” ಅಂದೆ. “ಮಾಸ್ತರು ಹೇಳಿಕೊಟ್ರು, ನಾವು ಹಾಡಿದ್ವಿ. ಕೇಳಿದ್ರೆ ಹೇಳ್ತಿದ್ರೇನೋ, ನಮಗ ಕೇಳ್ಬೇಕು ಅಂತ ಯಾರು ಹೇಳ್ಕೊಟ್ರಪ್ಪ?” ಅಂದರು. ಆಮೇಲೆ ತಾವೇ, “ನಮ್ ಹೆಸರಾದ್ರೂ ಪೋಸ್ಟರ್‌ನಾಗ ಬರತಿತ್ತು” ಎಂದು ನಕ್ಕರು.

ಅದು ನಿಜ. ನಮ್ಮ ಕಡೆಯ ನಾಟಕದ ಪೋಸ್ಟರಿನಲ್ಲಿ ಇಲ್ಲದ ಹೆಸರಿಲ್ಲ. ಸಾನ್ನಿಧ್ಯ ವಹಿಸುವ ಸ್ವಾಮಿಗಳು, ಉದ್ಘಾಟಕರು, ದಾನಿಗಳು, ಪಾತ್ರಧಾರಿಗಳು, ಹಾರ್ಮೋನಿಯಂ, ತಬಲಾ, ಸೀನರಿ, ಲೈಟು, ಮೈಕು. ಕಲಾವಿದೆಯರ ಫೋಟೋದ ಕೆಳಗೆ ಹೆಸರು, ಹೆಸರಿನ ಪಕ್ಕ ಊರು.

ಹೋದ ವರ್ಷ ನಮ್ಮೂರ ಹುಡುಗರು ಪೋಸ್ಟರಿನ ಕರಡು ತಿದ್ದಲು ತಂದಾಗ, ಅವರು ಹಾಡಲಿರುವ ಪದಗಳನ್ನೆಲ್ಲ ಕೇಳಿ ಪಟ್ಟಿ ಮಾಡಿದೆ. ಎರಡು ಬೆಳ್ಳಾವೆಯವರವು, ಒಂದು ದೊಡ್ಡಪ್ಪನದು. ಮೈಕಿನವರ ಸಾಲಿನ ಮೇಲೆ ‘ಪದಗಳು’ ಎಂದು ಬರೆದು ಎರಡು ಹೆಸರು ಸೇರಿಸಿದೆ. ಪ್ರೆಸ್ಸಿನ ಹುಡುಗ ಜಾಗ ಇಲ್ಲ ಎಂದ. ನಾಟಕದ ಮ್ಯಾನೇಜರ್ ಆಗಿದ್ದ ಹುಡುಗ ತನ್ನ ಫೋಟೋ ಸಣ್ಣದು ಮಾಡಿಸಿ ಜಾಗ ಕೊಟ್ಟ. ಅವನ ತಾತ ದೊಡ್ಡಪ್ಪನ ಹತ್ತಿರ ಹಾಡು ಕಲಿತವನು.

ಅಚ್ಚಾಗುವ ಮೊದಲು ಅವನು ಫೋನ್ ಮಾಡಿದ. “ಸರ್, ಮಾಸ್ತರಜ್ಜಂದು ಊರು ಹಾಕೀವಿ. ಈ ಶಾಸ್ತ್ರಿಗಳು ಯಾವೂರವರು? ಎಲ್ಲರ ಮುಂದೂ ಊರೈತಿ, ಇವರೊಬ್ಬರದು ಬಿಟ್ರೆ ಚೆನ್ನಾಗಿರಲ್ಲ.”

“ಹೆಸರಿನಲ್ಲೇ ಊರಿದೆಯಪ್ಪ, ಬೆಳ್ಳಾವೆ” ಅಂದೆ.

“ಹಂಗಾದ್ರೆ ಸರಿ. ತುಮಕೂರು ಜಿಲ್ಲೆ ಅಂತ ಬ್ರಾಕೆಟ್‌ನಾಗ ಹಾಕ್ತೀನಿ ಬಿಡ್ರಿ. ದೂರದವರು.”