ಕಟ್ಟಕಡೆಯಿಂದ ಬಂದವಳು

ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಕಟ್ಟಿಸಿದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಇದ್ದ ಮನೆ ಮಾರಿಕೊಂಡವರ ಕಥೆಗಳು ಬೇಕಾದಷ್ಟಿವೆ. ಹಾಗಾಗಿ ನಾನು ಎಂದೋ ಮುಗಿದುಹೋದ ರೇಸುಗಳನ್ನಷ್ಟೇ ನೋಡುತ್ತೇನೆ, ಮೊಬೈಲಿನಲ್ಲಿ, ರಾತ್ರಿ. ಗೆದ್ದವರಾರೆಂದು ಮೊದಲೇ ಗೊತ್ತು. ಕಳೆದುಕೊಳ್ಳುವುದು ನಿದ್ದೆ ಮಾತ್ರ, ಅದೂ ಒಬ್ಬಳ ದೆಸೆಯಿಂದ: ಅಮೆರಿಕದ ಜೆನ್ಯಾಟಾ.

2004ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಹೆಣ್ಣುಕುದುರೆ. ಮರುವರ್ಷ ಹರಾಜಿನಲ್ಲಿ 60 ಸಾವಿರ ಡಾಲರಿಗೆ ಹೋದಳು. ಆ ಸಂತೆಯಲ್ಲಿ ಅದೇನೂ ದೊಡ್ಡ ಮೊತ್ತವಲ್ಲ. ಕೊಂಡ ಜೆರ್ರಿ ಮಾಸ್ ರೆಕಾರ್ಡ್ ಕಂಪನಿ ಕಟ್ಟಿ ಬೆಳೆಸಿದ ಮನುಷ್ಯ. 'ದಿ ಪೊಲೀಸ್' ತಂಡದ ಆಲ್ಬಮ್ಮಿನ ಹೆಸರಲ್ಲಿ ಅರ್ಧ ಮುರಿದು ಇವಳಿಗಿಟ್ಟ. ತರಬೇತುದಾರ ಜಾನ್ ಶಿರೆಫ್ಸ್‌ಗೆ ಅವಸರವೆಂಬುದೇ ಇರಲಿಲ್ಲ. ಓರಗೆಯವರು ವರ್ಷವಿಡೀ ಓಡಿ ಹೆಸರು ಮಾಡಿದ ಮೇಲೆ, 2007ರ ನವೆಂಬರಿನಲ್ಲಿ ಇವಳ ಮೊದಲ ರೇಸು.

ಓಟಕ್ಕೆ ಮುಂಚೆ ಮುಂಗಾಲು ಎತ್ತಿ ಚಾಚಿ ಕುಣಿಯುವಳು. ಗೇಟು ತೆರೆಯಿತೋ, ಆ ಹುರುಪೆಲ್ಲ ಮಾಯ. ಎಲ್ಲರನ್ನೂ ಮುಂದೆ ಬಿಟ್ಟು ಕಟ್ಟಕಡೆಯಲ್ಲಿ ನಿಧಾನಕ್ಕೆ ಬರುವಳು. ಜಾಕಿ ಮೈಕ್ ಸ್ಮಿತ್ ತೂಕಡಿಸುತ್ತಿದ್ದಾನೇನೋ ಅನ್ನಿಸಬೇಕು. ಕೊನೆಯ ತಿರುವು ಬಂದಾಗ ಏನೋ ನೆನಪಾದವಳ ಹಾಗೆ ಕಾಲು ಬಿಚ್ಚುವಳು. ತಾಳಿ ಕಟ್ಟಿಯಾದ ಮೇಲೆ ಮದುವೆಮನೆಗೆ ಬಂದು ಮೊದಲ ಪಂಕ್ತಿಯಲ್ಲೇ ಎಲೆ ಹಿಡಿಯುವ ಕೆಲವರಿರುತ್ತಾರಲ್ಲ, ಆ ವಿದ್ಯೆ. ಲಾಯದಲ್ಲಿ ಅವಳಿಗೆ ಗಿನ್ನೆಸ್ ಬಿಯರ್ ಕುಡಿಸುತ್ತಿದ್ದರು. ಇಷ್ಟು ಓಡಿದ ಹೆಂಗಸಿಗೆ ಬೇಡವೆನ್ನಲು ನಾವು ಯಾರು?

2009ರಲ್ಲಿ ಸಾಂಟಾ ಅನೀಟಾದ ಬ್ರೀಡರ್ಸ್ ಕಪ್ ಕ್ಲಾಸಿಕ್‌ನಲ್ಲಿ ಗಂಡು ಕುದುರೆಗಳ ನಡುವೆಯೂ ಅದೇ ಆಟವಾಡಿ ಗೆದ್ದಳು. ಆ ರೇಸನ್ನು ಅದುವರೆಗೆ ಯಾವ ಹೆಣ್ಣೂ ಗೆದ್ದಿರಲಿಲ್ಲ. ಆದರೂ ವರ್ಷದ ಕುದುರೆ ಪ್ರಶಸ್ತಿ ರೇಚಲ್ ಅಲೆಕ್ಸಾಂಡ್ರಾಗೆ ಹೋಯಿತು. ಅವಳೂ ಗಂಡುಗಳನ್ನು ಮಣಿಸಿದವಳೇ, ತಕರಾರಿಲ್ಲ. ಆದರೆ ಇವಳ ಗೆಲುವೆಲ್ಲ ಕೃತಕ ನೆಲದ ಮೇಲಿನದು ಎಂದು ಕೆಲವರು ಮೂಗು ಮುರಿದರಲ್ಲ, ಅವರ ಮೇಲೆ ನನಗಿನ್ನೂ ಸಿಟ್ಟು. ಓಕ್‌ಲಾನ್‌ನ ಮಣ್ಣಿನಲ್ಲಿ ಗೆದ್ದದ್ದು ಅವರ ಕಣ್ಣಿಗೆ ಬೀಳಲಿಲ್ಲವೇ?

2010ರ ನವೆಂಬರ್, ಚರ್ಚಿಲ್ ಡೌನ್ಸ್, ದೀಪದ ಬೆಳಕಿನ ಓಟ. ಇಪ್ಪತ್ತನೆಯದು, ಹಿಂದಿನ ಹತ್ತೊಂಬತ್ತನ್ನೂ ಗೆದ್ದವಳು. ಈ ಸಲ ವಿಪರೀತ ಹಿಂದೆ ಉಳಿದಳು. ಎದೆ ಒಡೆಯುವಂತೆ ನುಗ್ಗಿ ಬಂದಳು. ಬ್ಲೇಮ್ ಎಂಬ ಗಂಡು ಅಷ್ಟರಲ್ಲಿ ಗೆರೆ ದಾಟಿತ್ತು. ಅಂತರ ಒಂದು ತಲೆಯಷ್ಟು. ತಪ್ಪೆಲ್ಲ ತನ್ನದೇ ಎಂದು ಸ್ಮಿತ್ ಪತ್ರಕರ್ತರ ಮುಂದೆ ಅತ್ತ. ಎಷ್ಟು ಸಲ ನೋಡಿದರೂ, ಈ ಸಲ ಮುಟ್ಟಿಯಾಳು ಎಂದು ನಾನು ದಿಂಬನ್ನು ಬಿಗಿಹಿಡಿಯುತ್ತೇನೆ. ಇನ್ನೊಂದು ನಾಲ್ಕು ನೆಗೆತದಷ್ಟು ನೆಲ ಹಾಸಿದ್ದರೆ ಆ ಊರಿನವರ ಗಂಟೇನು ಹೋಗುತ್ತಿತ್ತು?

ಒಂದನ್ನೂ ಸೋಲದ ವರ್ಷ ಕೊಡದ ಪ್ರಶಸ್ತಿಯನ್ನು ಸೋತ ವರ್ಷ ಕರೆದು ಕೊಟ್ಟರು. ದೊಡ್ಡವರ ನ್ಯಾಯ.

ಆಮೇಲೆ ಕೆಂಟಕಿಯ ಹುಲ್ಲುಗಾವಲು, ಬಾಣಂತನ. ಮೊದಲ ಮಗ ಕಾಸ್ಮಿಕ್ ಒನ್ ರೇಸಿಗಿಳಿದಾಗ ಜನ ತಾಯಿಯನ್ನೇ ನೆನೆದರು. ಹಿಂದೆ ಉಳಿಯುವ ಅರ್ಧ ಪಾಠ ಅವನಿಗೆ ಚೆನ್ನಾಗಿಯೇ ಬಂದಿತ್ತು, ಉಳಿದರ್ಧ ಬರಲಿಲ್ಲ. ಒಂದನ್ನೂ ಗೆಲ್ಲದವನನ್ನು ಕೊನೆಗೆ ಅಡೆತಡೆ ಹಾರುವುದನ್ನು ಕಲಿಯಲು ಕಳಿಸಿದರು.